ನಾಲ್ಕನೇ ಸರದಿ

ಭಾನುವಾರ ಹತ್ತೂವರೆಗೆ ಆಯ್ಕೆ.
ಆರು ತಂಡ. ನಮ್ಮ ಕೋಡಿಬಾಗಕ್ಕೆ ನಾಲ್ಕನೇ ಸರದಿ,
ಕಳೆದ ಸಲ ಮೂರನೆಯವರಾಗಿ ಮುಗಿಸಿದ ತಪ್ಪಿಗೆ.
ಸೋತವರು ಮೊದಲ ಪಂಕ್ತಿಗೆ, ಗೆದ್ದವರು ಕೊನೆಗೆ:
ಅಡ್ಡಿಯಿಲ್ಲ, ನ್ಯಾಯವೇ.

ನಾನು ಆಡಿದವನಲ್ಲ. ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ಗಡ್ಡೆಯ ಲೆಕ್ಕ ಬರೆಯುವವನು.
ಟ್ರಾಲರುಗಳೆಲ್ಲ ದಕ್ಕೆಗೆ ಕಟ್ಟಿಸಿಕೊಂಡು
ಐಸಿಗೆ ಗಿರಾಕಿಯೇ ಇಲ್ಲದ ಆ ಎರಡು ತಿಂಗಳು
ರಸೀದಿ ಪುಸ್ತಕದ ಬೆನ್ನಿಗೆ ಹೆಸರು ಬರೆದೆ,
ಹೊಡೆದೆ, ಬಾಣ ಎಳೆದು ಮೇಲೆ ಕೆಳಗೆ ಮಾಡಿದೆ.
ಒದ್ದೆ ಬೆರಳು ತಾಗಿ ಶಾಯಿ ಹಬ್ಬಿ
ಐದನೆಯವನು ಯಾರೆಂದು ಈಗ ನನಗೇ ಗೊತ್ತಿಲ್ಲ.

ಎಲ್ಲರಿಗೂ ಬೇಕು ಸುಂಕೇರಿಯ ಆಗ್ನೆಲ್.
ಗೋಲು ಹೊಡೆದು ಅಂಗಿ ಎಳೆದು ತಲೆಗೆ ಹೊದೆಯುತ್ತಾನಲ್ಲ, ಅವನು.
ಹೋಗಲಿ, ಮೊದಲ ಸರದಿಯವರೇ ಒಯ್ಯಲಿ.
ಪಾಪ್ಲೆಟ್ ಚಂದ, ಯಾರು ಇಲ್ಲವೆಂದರು?
ಮನೆ ನಡೆಯುವುದು ಬಂಗಡೆಯಿಂದ.

ಹಳಿಯಾಳದಿಂದ ಬಸ್ಸಿಗೆ ಬರುವ ಇನಾಸ್
ಎರಡು ಹೆಜ್ಜೆ ಓಡಿ ಒಂದು ಹೆಜ್ಜೆ ನಿಲ್ಲುತ್ತಾನೆ,
ಆ ನಿಂತ ಹೆಜ್ಜೆಯಲ್ಲೇ ಎದುರಿನವನು ದಾಟಿಹೋಗಿರುತ್ತಾನೆ.
ಆದರೆ ಐದೂವರೆಯ ಬಸ್ಸು ತಪ್ಪುವಂತಿಲ್ಲ,
ಐದಕ್ಕೆಲ್ಲ ಅವನ ಕಣ್ಣು ರಸ್ತೆಯ ಕಡೆ.
ಎರಡನೇ ಸುತ್ತಿಗಿರಲಿ.

ಅವರ್ಸಾದ ಗೋಲಿ, ಬಲಕ್ಕೆ ಗೋಡೆ,
ಎಡಕ್ಕೆ ಬೇಲಿ. ಅದರಲ್ಲೂ ದನ ನುಗ್ಗಿದ ಬೇಲಿ.

ನನಗೆ ಬೇಕಾದವನು ಒಬ್ಬನೇ.
ಮುದಗಾದ ಪುರ್ಸು ಹರಿಕಂತ್ರ. ಫುಲ್‌ಬ್ಯಾಕ್.
ಹದಿನೆಂಟು ವರ್ಷ. ಹೊಡೆದ ಗೋಲು ಸೊನ್ನೆ.
ಅವನು ಓಡಿದ್ದನ್ನು ಯಾರೂ ನೋಡಿಲ್ಲ;
ಚೆಂಡು ಬರುವಾಗ ಅಲ್ಲಿ ಇರುತ್ತಾನೆ ಅಷ್ಟೇ,
ದೋಣಿ ಕಾಣುವ ಮೊದಲೇ
ದಡಕ್ಕೆ ಬಂದು ಕೂತ ಕಾಗೆಯ ಹಾಗೆ.
ಮಾಲಾದೇವಿ ಮೈದಾನದಲ್ಲಿ ಅವನ ಕೋಲು ನೆಲಕ್ಕೆ ತಾಗುವ ಸದ್ದು
ಟಕ್,
ಅಷ್ಟರಲ್ಲಿ ಆಟ ಆಚೆ ದಿಕ್ಕಿಗೆ ತಿರುಗಿರುತ್ತದೆ.

ನಾಲ್ಕನೇ ಸರದಿಯವರೆಗೆ ಅವನು ಉಳಿಯಬೇಕು.
ಅದಕ್ಕೇ ಬುಧವಾರ ಕಾಜುಬಾಗದ ಕ್ಷೌರದಂಗಡಿಯಲ್ಲಿ
ಮುಖದ ತುಂಬ ನೊರೆ ಹಚ್ಚಿಸಿಕೊಂಡು ಅಂದೆ,
ಯಾರಿಗೂ ಅಲ್ಲ, ಕನ್ನಡಿಗೆ:
"ಪಾಪ, ಆ ಪುರ್ಸುವಿನ ಎಡ ಮೊಣಕಾಲು..."
ಮುಂದಿನದನ್ನು ಹೇಳಲೇ ಇಲ್ಲ.
ಹೇಳದೆ ಬಿಟ್ಟದ್ದು ಹೇಳಿದ್ದಕ್ಕಿಂತ ಬೇಗ ಓಡಿತು.
ಸಂಜೆಗೆ ಚಹಾದಂಗಡಿಯಲ್ಲಿ ಅದು ಬಲ ಮೊಣಕಾಲು.
ಗುರುವಾರ ಮೀನುಪೇಟೆಯಲ್ಲಿ ಎರಡೂ.
ಗೋವಾದ ಡಾಕ್ಟರು ಆಪರೇಷನ್ ಅಂದರಂತೆ, ಖರ್ಚು ಇಷ್ಟಂತೆ.

ಶುಕ್ರವಾರ ಬೆಳಗು ಬುಟ್ಟಿ ಇಳಿಸಿ
ಅರ್ಧ ಗಡ್ಡೆ ಐಸು ಕೇಳಿದಳು ಅವನ ತಾಯಿ.
"ನೀವು ಆಟ ಬಲ್ಲವರು. ಹುಡುಗನ ಕಾಲಿಗೇನಾಗಿದೆ?
ಏನಿಲ್ಲ ಅನ್ನುತ್ತಾನೆ. ನನ್ನ ಹತ್ತಿರ ಮುಚ್ಚಿಡುತ್ತಿದ್ದಾನೆ."
ಆಮೇಲೆ, ಚೀಲದ ಬಾಯಿ ಹಿಡಿದುಕೊಂಡೇ:
"ಒಂದು ತುಂಡು ಹೆಚ್ಚು ಹಾಕಿ, ರಾತ್ರಿ ಇಡುತ್ತೇನೆ."

ಹಾಕಿದೆ. ರಸೀದಿ ಬರೆಯಲಿಲ್ಲ.
ಹಾಳೆ ತಿರುಗಿಸಿದರೆ ಅವನ ಹೆಸರು ಇರುತ್ತಿತ್ತು.

ಅದೇ ಸಂಜೆ ಮೈದಾನದ ಅಂಚಿನಲ್ಲಿ ನಿಂತು ನೋಡಿದೆ.
ಚೆಂಡು ಬರುವ ಮೊದಲು ಹುಡುಗ ಬಗ್ಗಿ
ಮೊಣಕಾಲನ್ನು ಒತ್ತಿ ನೋಡಿದ.
ಮೊದಲ ಸಲ ಚೆಂಡು ಅವನಿಗಿಂತ ಮುಂಚೆ ಬಂತು.

ನಮ್ಮ ತಂಡದ ಯಜಮಾನ, ಬಲೆ ಅಂಗಡಿಯ ಬಾಂದೇಕರ್,
ನನ್ನ ಪಟ್ಟಿ ನೋಡಿ ಮೊದಲ ಹೆಸರಿಗೇ ಗೀಟು ಎಳೆದರು.
"ಸುಳ್ಳು," ಅಂದೆ, "ಆ ಸುದ್ದಿ ಸುಳ್ಳು."
"ನಿನಗೆ ಹೇಗೆ ಗೊತ್ತು?"
ನನಗೆ ಹೇಗೆ ಗೊತ್ತು ಎಂಬುದನ್ನು ಬಿಟ್ಟು
ಉಳಿದದ್ದನ್ನೆಲ್ಲ ಹೇಳಿದೆ.

ಇವತ್ತು ಶನಿವಾರ, ಮತ್ತೆ ಕಾಜುಬಾಗ, ಅದೇ ಕುರ್ಚಿ.
ಗಟ್ಟಿಯಾಗಿ ಅಂದೆ, ಬೀದಿಗೂ ಕೇಳುವ ಹಾಗೆ:
"ಪುರ್ಸುವಿನ ಕಾಲು ಗಟ್ಟಿಯಿದೆ, ನಾನೇ ಕಣ್ಣಾರೆ ಕಂಡೆ."
ಕ್ಷೌರಿಕ ಬ್ಲೇಡು ಎತ್ತಿ ಹಿಡಿದು
ಕನ್ನಡಿಯೊಳಗಿಂದ ನನ್ನನ್ನು ನೋಡಿದ.
"ಯಾವ ತಂಡದವರು ಕೊಟ್ಟರು, ಎಷ್ಟು?"

ಮೂರು ದಿನದ ಗಡ್ಡ. ಕೆರೆಯಲು ಏನೂ ಇರಲಿಲ್ಲ.
ಆದರೂ ನೊರೆ ಹಚ್ಚಿದ, ಕತ್ತಿನವರೆಗೂ.