ನೆಟ್ಟಗ ಇಡ್ರಿ

ಬಾಯಾರ, ಫೋನ್ ಇಡಬ್ಯಾಡ್ರಿ. ಹೆಸರು ಕೇಳಬ್ಯಾಡ್ರಿ.
ಚೆಂಬೂರಿನ ಮೂರನೇ ಮಾಳಿಗಿಂದ
ನಿಮ್ಮ ತಿಜೂರಿ ಬೆನ್ನ ಮ್ಯಾಲ ಇಳಿಸಿದವ ಅಂತ ತಿಳ್ಕೊರಿ, ಸಾಕು.
ಲಿಫ್ಟ್ ಬಂದ್ ಇತ್ತು. ನೀವು ನೀರಿನ ಕೂಡ ಬೆಲ್ಲ ಕೊಟ್ರಿ.
ಈ ಮುಂಬೈಯಾಗ ಹನ್ನೊಂದು ವರ್ಷ ಭಾರ ಹೊತ್ತೀನಿ,
ಬೆಲ್ಲ ಯಾರೂ ಕೊಟ್ಟಿದ್ದಿಲ್ಲ.

ನಿಮ್ಮ ಸಾಮಾನು ಇಂದೂರಿಗೆ ಹೊಂಟಿಲ್ರಿ.
ಕಳಂಬೋಲಿಯೊಳಗ ಐತಿ, ಕಬ್ಬಿಣ ಪ್ಯಾಟಿ ಹಿಂದ,
ನೀಲಿ ತಗಡಿನ ಗೋದಾಮಿನಾಗ, ಇವತ್ತಿಗೆ ಒಂಬತ್ತು ದಿನ.
"ಘಾಟಿನಾಗ ಗಾಡಿ ಕೆಟ್ಟೈತಿ" ಅಂತ ಅವ ನಿಮಗ ಹೇಳಿದ್ದು
ನನ್ನ ಎದುರಿಗೇ, ಚಾ ಕುಡಕೋತ.
ಆ ಗಾಡಿ ಪನವೇಲ ದಾಟಿದ್ದು ನಾ ಕಂಡಿಲ್ಲ.

ನಾಳೆ ಮತ್ತ ಫೋನ್ ಬರ್ತೈತಿ, ದನಿ ಬ್ಯಾರೆ ಇರ್ತೈತಿ.
ಹದಿನೆಂಟು ಸಾವಿರದ ಮಾತು ನಲವತ್ತೊಂದಕ್ಕ ಏರಿರ್ತೈತಿ.
ತೂಕದ ಚೀಟಿ ತೋರಸ್ತಾರ. ಸಿಕ್ಕಾ ಖರೇನೇ.
ಖರೇ ಅಂದ್ರ ಇಷ್ಟು:
ಕಾಟಾದ ಮ್ಯಾಲ ಗಾಡಿ ನಿಂತಾಗ
ಐದೂ ಮಂದಿ ಹಿಂದ ಕೂತಿದ್ವಿ, ಬಾಗಲಾ ಹಾಕ್ಕೊಂಡು,
ಉಸಿರು ಬಿಗಿ ಹಿಡದು, ಉಸಿರಿಗೂ ತೂಕ ಇದ್ದಂಗ.
ನಿಮ್ಮ ಬಿಲ್ಲಿನಾಗ ನಾನೂ ಅದೀನಿ, ಬಾಯಾರ,
ಅರವತ್ತೆರಡು ಕಿಲೊ.

ತಪ್ಪು ನಿಮ್ಮದು ಅನ್ನಂಗಿಲ್ಲ. ಆದ್ರೂ
ಮನಿ ನೋಡದೇ ರೇಟ್ ಹೇಳಿದವನ ನಂಬಿದ್ರಿ.
ಖಾಲಿ ಹಾಳ್ಯಾಗ ಸಹಿ ಮಾಡಿದ್ರಿ,
"ಆಮ್ಯಾಲ ತುಂಬತೀವಿ" ಅಂದ್ರು, ತುಂಬ್ಯಾರ.
ಗಾಡಿಯ ಹೆಸರು ಕಟ್ಟಿದ ಬ್ಯಾನರಿನ ಮ್ಯಾಲಿತ್ತು,
ಗಾಳಿಗೆ ಎದ್ದಾಗೊಮ್ಮೆ ಕೆಳಗ ಬ್ಯಾರೆ ಹೆಸರು.
ನೀವು ಆಗ ಬೆಕ್ಕನ್ನ ಬುಟ್ಯಾಗ ಹಾಕಾಕ ಒದ್ದಾಡಾಕತ್ತಿದ್ರಿ.
ನಾ ನೋಡಿದೆ. ನೋಡಿ, ಬ್ಯಾನರಿನ ಹಗ್ಗ ಬಿಗಿ ಮಾಡಿದೆ.

ಎಣಿಸೋದು ನಮ್ಮ ಕೆಲಸ. ಐವತ್ತಮೂರು ಡಬ್ಬಿ.
ಎಲ್ಲಾದರ ಮ್ಯಾಲ ನಿಮ್ಮ ಅಕ್ಷರ,
ಐದು ಮಂದ್ಯಾಗ ನನಗೊಬ್ಬನಿಗೇ ಓದಾಕ ಬರೋ ಅಕ್ಷರ.
ಹಾಸಿಗಿ. ಪುಸ್ತಕ, ಭಾಳ ವಜ್ಜ.
ಇವರ ಕನ್ನಡಕ, ಒಗೀಬ್ಯಾಡ್ರಿ.
ಏಳನೇದಕ್ಕ: ಉಪ್ಪಿನಕಾಯಿ. ನೆಟ್ಟಗ ಇಡ್ರಿ.

ಮೊನ್ನಿ ರಾತ್ರಿ ಗೋದಾಮು ಕಾಯೋ ಪಾಳಿ ನಂದಿತ್ತು.
ಕೈಯಾಗ ಒಣ ಪಾವು. ಏಳನೇ ಡಬ್ಬಿಯ ಟೇಪು ಕಿತ್ತೆ.
ಮಾವಿನಕಾಯಿ, ಸಾಸಿವಿ ಖಾರ.
ಉಪ್ಪು ಒಂಚೂರು ಹೆಚ್ಚಾಗಿತ್ತು, ಹೇಳಬೇಕಂದ್ರ.
ನಾಕು ಹೋಳು ತಿಂದೆ, ಬಟ್ಟು ನೆಕ್ಕಿದೆ,
ಆಮ್ಯಾಲ ಅವ್ವನ ಮಾತು ಗಂಟಲಾಗ ಸಿಕ್ಕೊಂತು:
ಉಂಡ ಮನಿ ಜಂತಿ ಎಣಸಬಾರದು.
ಮ್ಯಾಲ ನೋಡಿದೆ. ತಗಡು. ಜಂತಿ ಇಲ್ಲ.
ಸುತ್ತ ನೋಡಿದೆ.
ನಾನೇ ಎಣಿಸಿಟ್ಟ ಐವತ್ತಮೂರು.

ಅದಕ್ಕ ಈ ಫೋನ್.
ರೊಕ್ಕ ಹಾಕಬ್ಯಾಡ್ರಿ. ಹಾಕಿದ್ರ ಬೀಗ ತೆಗೀತಾರ ಅನ್ನಬ್ಯಾಡ್ರಿ,
ಇಲ್ಲೇ ಮೂಲ್ಯಾಗ ಒಂದು ತೊಟ್ಟಲ ಐತಿ, ಹೋದ ದೀಪಾವಳಿದು,
ಅವರು ಎರಡು ಸಲ ಹಾಕ್ಯಾರ.
ಕೂಸು ಈಗ ನಡಿಯಾಕ ಕಲ್ತಿರಬೇಕು.
ನಿಮ್ಮ ಕಡೆ ಹಸಿರು ವಹಿ ಐತಲ್ಲ, ಡಬ್ಬಿ ಲೆಕ್ಕ ಬರದದ್ದು,
ಅದನ್ನ ತಗೊಂಡು ಪೊಲೀಸರ ಕೂಡ ಬರ್ರಿ. ಒಬ್ರೇ ಬರಬ್ಯಾಡ್ರಿ.
ಮಂಗಳವಾರ ಮುಂಜಾನೆ ಅವ ಇರ್ತಾನ.
ನಾನೂ ಇರ್ತೀನಿ, ಬಾಗಲದ ಎಡಕ್ಕ. ಗುರ್ತು ಹಿಡೀಬ್ಯಾಡ್ರಿ.
ಅವರು ನನ್ನೂ ಎಳಕೊಂಡು ಹೋದ್ರ
ನೀವು ಡಬ್ಬಿ ಎಣಿಸ್ರಿ, ನನ್ನ ಕಡೆ ನೋಡಬ್ಯಾಡ್ರಿ.

ಮತ್ತೊಂದು.
ಏಳನೇ ಡಬ್ಬಿ ಒಂದಿಷ್ಟು ಹಗುರ ಬರ್ತೈತಿ.
ಅದನ್ನ ವಹಿಯೊಳಗ ನನ್ನ ಹೆಸರಿಗೆ ಹಚ್ಚರಿ.
ಗೊಲ್ಲಾಳಪ್ಪ.
ಹೂಂ, ಬರಕೊಳ್ರಿ. ಗೊಲ್ಲಾಳಪ್ಪ.