ನಲವತ್ಮೂರು ಮನೆಯ ಕೇರಿ

ಇಸ್ವಣ ಕೊಯ್ಯುವ ಪಟ ಹಾಕಿದ್ದೆ, ಅಷ್ಟೆ.
ಕತ್ತಿ, ಹಲಗೆ, ಅತ್ತಿಗೆಯ ಎರಡು ಕೈ,
ಕಿವಿರಿನ ಕೆಳಗೆ ಓರೆಯಾಗಿ ಹೇಗೆ ಇಳಿಸಬೇಕೆಂದು
ನಾಲ್ಕು ಸಾಲು.
ಬೆಳಿಗ್ಗೆ ಏಳುವಷ್ಟರಲ್ಲಿ ಪುಟಕ್ಕೆ ಬೀಗ.
ಹಿಂಸೆ, ಎಂದಿತ್ತು ಒಕ್ಕಣೆ.
ಕೆಳಗೆ ಸಹಿ ಇಲ್ಲ.

ಹನ್ನೊಂದು ವರ್ಷ ಬರೆದದ್ದು ಆ ಬಾಗಿಲ ಹಿಂದೆ:
ಮಾಜಾಳಿಯಲ್ಲಿ ಯೇಂಡಿ ಬಲೆ ಎಳೆದ ದಿನಗಳ ಲೆಕ್ಕ,
ಖುಬ್ಬೆಗೆ ಯಾವ ಕೇರಿಯಲ್ಲಿ ಏನೆನ್ನುತ್ತಾರೆಂಬ ಪಟ್ಟಿ,
ಕೋಡಿಬಾಗದ ಅಳಿವೆಯಲ್ಲಿ ನೀರಿನ ಬಣ್ಣ
ಕಾಳಿಯದಾಗಿದ್ದು ಸಮುದ್ರದ್ದಾಗುವ ಗಳಿಗೆ.
ಮೊರೆಯಿಟ್ಟೆ. ಯಂತ್ರ ಉತ್ತರ ಕೊಟ್ಟಿತು:
ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.

ಹೊಸ ಜಾಗ ಹುಡುಕಿದೆ, ಬಾಡಿಗೆ ಮನೆ ಹುಡುಕುವಂತೆ.
ನಾನು ಕಾಜುಬಾಗದ ಸೊಸೈಟಿಯಲ್ಲಿ ಗುಮಾಸ್ತೆ,
ಷರತ್ತು ಓದದೆ ಹೆಬ್ಬೆಟ್ಟು ಒತ್ತಿದವರ ಕಣ್ಣು ಕಂಡವಳು.
ಒಂದು ಕಡೆ ಪುಕ್ಕಟೆ; ಆದರೆ ನನ್ನ ಎರಡು ಸಾಲಿನ ನಡುವೆ
ಚಿನ್ನದ ಸಾಲದ ಜಾಹೀರಾತು ಬಂದು ಮಲಗುತ್ತದೆ.
ಇನ್ನೊಂದು ಚಂದ; ಡಾಲರಿನಲ್ಲಿ ಬಾಡಿಗೆ,
ಒತ್ತಕ್ಷರಗಳು ಮಾತ್ರ ಕಾಲು ಮುರಿದುಕೊಂಡು ಬೀಳುತ್ತವೆ.
ಮತ್ತೊಂದರಲ್ಲಿ ಎಲ್ಲವೂ ಇತ್ತು.
ಬಿಟ್ಟು ಹೊರಡುವಾಗ ಬರೆದದ್ದನ್ನು ಹೊತ್ತೊಯ್ಯಬಹುದೆ?
ಆ ಪ್ರಶ್ನೆಗೆ ಮಾತ್ರ ಪುಟ ತೆರೆಯಲಿಲ್ಲ.

ಸಾವಿಯೊ ಹೇಳಿದ: ನಮ್ಮಲ್ಲಿಗೆ ಬಾ.
ಬೈತಖೋಲದಲ್ಲಿ ದೋಣಿಗಳ ವೈರ್‌ಲೆಸ್ ರಿಪೇರಿ ಅವನದು.
ಅಂಗಡಿಯ ಹಿಂದೆ, ಬೆಸುಗೆ ಹಾಕುವ ಮೇಜಿನ ಕೆಳಗೆ
ಊಟದ ಡಬ್ಬಿಗಿಂತ ತುಸು ದೊಡ್ಡ ಪೆಟ್ಟಿಗೆ,
ಹಸಿರು ಕಣ್ಣು ಮಿಟುಕಿಸುತ್ತ.
ನಲವತ್ತೆರಡು ಜನ ಇದ್ದೇವೆ, ಎಂದ, ನೀನು ನಲವತ್ಮೂರು.
ಮಾಲೀಕ ಯಾರು?
ಕರೆಂಟ್ ಬಿಲ್ಲು ನಂದು. ಉಳಿದದ್ದು ಗೊತ್ತಿಲ್ಲ.

ಇಲ್ಲಿಂದ ಬೇರೆ ಕೇರಿಗಳಿಗೆ ದಾರಿ ಇದೆ.
ಶಿರಸಿಯದೊಂದು ಪೆಟ್ಟಿಗೆ, ಜೇನು ಸಾಕುವವರದು;
ರತ್ನಾಗಿರಿಯದೊಂದು; ಹೆಸರು ಉಚ್ಚರಿಸಲಾಗದ
ನಾರ್ವೆಯದೊಂದು, ಅಲ್ಲಿ ಯಾರೋ ದಿನವೂ
ಹಿಮದ ದಪ್ಪ ಅಳೆದು ಬರೆಯುತ್ತಾರೆ.
ಮೇಲೆ ದೊರೆಯಿಲ್ಲ. ಯಾವುದು ಮೊದಲು ಕಾಣಬೇಕೆಂದು
ಯಾರೂ ತೂಗುವುದಿಲ್ಲ. ಬಂದ ಕ್ರಮದಲ್ಲಿ ಬರುತ್ತದೆ,
ಧಕ್ಕೆಗೆ ದೋಣಿ ಬಂದಂತೆ.

ಮೊದಲ ವಾರ ಬೇಸರವೂ ಆಯಿತು, ಸುಳ್ಳೇಕೆ.
ಮುನ್ನೂರು ಮೆಚ್ಚುಗೆ ಎಣಿಸಿ ಮಲಗುತ್ತಿದ್ದವಳಿಗೆ
ಮೂರು.
ಅದರಲ್ಲೊಂದು ಶಿರಸಿಯ ಅಹಲ್ಯಾಳದು:
ಖುಬ್ಬೆ ಅಂದರೇನು, ಕಚ್ಚುತ್ತದೆಯೆ?
ಆರು ತಿಂಗಳು ಮಾತು ನಡೆಯಿತು ಆ ಒಂದು ಪ್ರಶ್ನೆಯ ಮೇಲೆ.

ಆಮೇಲೆ ಜಗಳ.
ನಮ್ಮಲ್ಲೊಬ್ಬ ಜಾತಿ ಎತ್ತಿ ಆಡಿದ, ನಕ್ಕ, ಮತ್ತೆ ಆಡಿದ.
ಶಿರಸಿಯವರು ನಮ್ಮ ಕೇರಿಯ ದಾರಿಗೇ ಮುಳ್ಳು ಹಾಕಿದರು.
ಆಡಿದವನು ಒಬ್ಬ; ದಾರಿ ಕಳಕೊಂಡವರು ನಲವತ್ಮೂರು.
ಅಹಲ್ಯಾ ನನಗೆ ಕಾಣಳು, ನಾನು ಅವಳಿಗೆ.
ಬಸ್ಸಿನಲ್ಲಾದರೆ ಮೂರೂವರೆ ತಾಸು,
ನಡುವೆ ಬರಿ ದೇವಿಮನೆ ಘಾಟು.
ದೊರೆಯಿಲ್ಲದ ಊರಲ್ಲಿ ದೂರು ಕೊಡುವುದು ಯಾರಿಗೆ?

ಸಾವಿಯೊನ ತಂಗಿಯ ಮದುವೆ ವಸಯಿಯಲ್ಲಿ.
ಹೊರಡುವ ಮುನ್ನ ಚೀಟಿಯಲ್ಲಿ ಗುಪ್ತಪದ ಬರೆದು
ನನ್ನ ಕೈಗಿಟ್ಟ: ಹದಿನೈದು ದಿನ ನೋಡಿಕೋ.
ನಾನು ಬರೆಯಲು ಬಂದವಳು, ಎಂದೆ.
ಬರೆಯುವವರೇ ಗುಡಿಸಬೇಕು ಇಲ್ಲಿ, ಎಂದ.

ಗುಡಿಸಿದೆ.
ಆ ಒಬ್ಬನಿಗೆ ಮೂರು ಸಲ ಬರೆದು ಅಳಿಸಿ
ನಾಲ್ಕನೆಯ ಸಲ ಕಳಿಸಿದೆ:
ಹೊರಡು. ನಿನ್ನ ಬರಹದ ಗಂಟು ಇಗೋ,
ಒಂದು ಅಕ್ಷರವೂ ನಾವು ಇಟ್ಟುಕೊಂಡಿಲ್ಲ.
ಕೆಳಗೆ ಸಹಿ: ಸುಲಕ್ಷಾ ತಾಂಡೇಲ, ಕೋಡಿಬಾಗ.
ಕೈ ನಡುಗಿತು.
ಶಿರಸಿಗೂ ಬರೆದೆ. ಉತ್ತರ ಇನ್ನೂ ಇಲ್ಲ.

ರಾತ್ರಿ ಹನ್ನೊಂದಕ್ಕೆ ಹೊಸಬರೊಬ್ಬರ ಅರ್ಜಿ.
ಹೆಸರಿಲ್ಲ, ಪಟವಿಲ್ಲ.
ಇಲ್ಲಿಗೆ ಬರುವುದೇಕೆ ಎಂಬ ಅಂಕಣದಲ್ಲಿ
ಒಂದೇ ಸಾಲು:
ಅಲ್ಲಿ ನನ್ನ ಮೀನಿಗೆ ರಕ್ತ ಇರಬಾರದಂತೆ.

ಬಲೆ ಎಳೆಯುವವರೋ, ನನಗೇ ಬಲೆ ಬೀಸುವವರೋ.
ಕಿಟಕಿಯಲ್ಲಿ ಇಳಿತದ ವಾಸನೆ, ಕೆಸರು, ಡೀಸೆಲ್ಲು.
ಯಾವ ಮೀನು? ಎಂದು ಕೇಳಿ
ಕಾಯುತ್ತ ಕೂತಿದ್ದೇನೆ.