ಐದು ಗಂಟೆಗೆ ವಾಪಸು

ನಿವೃತ್ತ ನರ್ಸುಗಳು ಹನ್ನೊಂದು ಜನ,
ಎರಡು ವರ್ಷ ಚೀಟಿ ಕಟ್ಟಿ ಜಪಾನಿಗೆ ಹೋಗಿದ್ದೆವು.
ಕ್ಯೋಟೋದ ಒಂದು ಓಣಿಯಲ್ಲಿ ನಾನೂ ನಡೆದೆ,
ಬಾಡಿಗೆಯ ಕಿಮೊನೊ ತೊಟ್ಟು.
ಕಲ್ಲಿನ ಮೆಟ್ಟಿಲು, ಮರದ ಚಪ್ಪಲಿ,
ಹೆಜ್ಜೆಗೊಂದು ಗೇಣು. ಅದಕ್ಕಿಂತ ಹೆಚ್ಚಿಗೆ
ಆ ಬಟ್ಟೆ ಬಿಡುವುದಿಲ್ಲ.

ಬಲಗಡೆಯ ಅಂಚನ್ನು ಎಡದ ಮೇಲೆ
ನಾನೇ ಎಳೆದುಕೊಂಡಿದ್ದೆ ಮೊದಲು.
ಅಂಗಡಿಯ ಹೆಂಗಸು ಹೌಹಾರಿ ಬಿಡಿಸಿ
ಅದಲುಬದಲು ಮಾಡಿದಳು.
‘ಹಾಗೆ ಉಡಿಸೋದು ಹೆಣಕ್ಕೆ’ ಎಂದ ಗೈಡು.
ಸಾಗರದ ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷ
ಎಷ್ಟು ಹೆಣಕ್ಕೆ ಬಿಳಿಬಟ್ಟೆ ಸುತ್ತಿಲ್ಲ ನಾನು!
ಎಡವೋ ಬಲವೋ ಯಾರೂ ಕೇಳಿರಲಿಲ್ಲ.

ಅವಳು ಸೊಂಟಕ್ಕೆ ಅಗಲದ ಪಟ್ಟಿ ಬಿಗಿದು
ಸಂತೆಗೆ ಹೊರಟ ಎತ್ತಿಗೆ ತಟ್ಟುವ ಹಾಗೆ
ಬೆನ್ನಿಗೊಂದು ತಟ್ಟಿ ಕಳಿಸಿದಳು.
ಯಾರೂ ನಗಲಿಲ್ಲ.
ಒಬ್ಬ ಮುದುಕ ಕೊಡೆ ಮಡಚಿ ದಾರಿ ಬಿಟ್ಟ.
ಐದು ಗಂಟೆಗೆ ವಾಪಸು ಕೊಡಬೇಕಿತ್ತು, ಕೊಟ್ಟೆವು.
ಫೋಟೋ ಇದೆ. ಅದರಲ್ಲಿ ನಾನು
ನನಗಿಂತ ಒಳ್ಳೆಯವಳಂತೆ ಕಾಣುತ್ತೇನೆ.

ಅವ್ವನದು ಫೋಟೋ ಇಲ್ಲ.
ರೇಷನ್ ಕಾರ್ಡಿನಲ್ಲಿ ಕುತ್ತಿಗೆಯವರೆಗೆ ಮಾತ್ರ ಕನ್ನಮ್ಮ,
ಅದೂ ಸೀಲಿನ ಕೆಳಗೆ ಅರ್ಧ.
ಗೊಬ್ಬೆ ಸೀರೆ ಉಡುತ್ತಿದ್ದಳು, ಮೀನಖಂಡ ಕಾಣುವ ಹಾಗೆ,
ಹೆಗಲಿಗೊಂದು ಗಂಟು ಬಿಗಿದು.
ನನಗೆ ಹನ್ನೆರಡು. ಹಾಸ್ಟೆಲಿನಿಂದ ಪೇಟೆಗೆ ಬರುವಾಗ
‘ನೀ ಮುಂದೆ ಹೋಗು, ನಾ ಬರ್ತೆ’ ಅಂದಿದ್ದೆ.
ಇಪ್ಪತ್ತು ಮಾರು ಮುಂದೆ ನಡೆದಳು.
ತಿರುಗಿ ನೋಡಲಿಲ್ಲ.
ಬಳೆ ಅಂಗಡಿಯ ಕನ್ನಡಿಯಲ್ಲಿ ಮಾತ್ರ ಒಮ್ಮೆ,
ಇದ್ದೇನೋ ಇಲ್ಲವೋ ಎಂದು.

ಊರಿಗೆ ಬಂದ ಮೂರನೇ ಭಾನುವಾರ
ಟ್ರಂಕಿನಿಂದ ಅವಳ ಸೀರೆ ತೆಗೆದೆ.
ಗಂಟು ಯಾವ ಹೆಗಲಿಗೆ?
ಕೇಳೋಣವೆಂದರೆ ಗಿಡ್ಡಮ್ಮತ್ತೆಗೆ
ಈಗ ತನ್ನ ಹೆಸರೇ ನೆನಪಿಲ್ಲ.
ಕನ್ನಡಿಯ ಮುಂದೆ ಬಹಳ ಹೊತ್ತು ನಿಂತೆ.
ಅವ್ವ ನನ್ನನ್ನು ಎತ್ತಿಕೊಳ್ಳುತ್ತಿದ್ದುದು ಎಡಸೊಂಟಕ್ಕೆ.
ನಿದ್ದೆಯಲ್ಲಿ ಕೆನ್ನೆಗೆ ಒತ್ತುತ್ತಿದ್ದುದು
ಬಟ್ಟೆಯಲ್ಲ, ಮೂಳೆ, ಬೆವರು.
ಹಾಗಾದರೆ ಗಂಟು ಬಲಕ್ಕೆ.

ಹೊರಟೆ. ಜೋಗ ರಸ್ತೆ, ಗುಡಿಗಾರರ ಕೇರಿ.
ಗಂಧದ ಹೊಟ್ಟು ಗುಡಿಸುತ್ತಿದ್ದವನು
ಪೊರಕೆ ನಿಲ್ಲಿಸಿದ.
‘ಸಿಸ್ಟರ್, ಎಂತ ನಾಟಕ ಇವತ್ತು?’
ಜೆರಾಕ್ಸ್ ಅಂಗಡಿ ಹುಡುಗ: ‘ಜಾನಪದ ಮೇಳನಾ?’
ಜೋಗಕ್ಕೆ ಹೊರಟ ಕಾರೊಂದು ನಿಂತು,
ಒಬ್ಬಳು ಇಳಿದು ಪಕ್ಕ ನಿಂತು ಸೆಲ್ಫಿ ತೆಗೆದು
‘ಎಷ್ಟು ಕೊಡಬೇಕಮ್ಮಾ?’ ಅಂದಳು.
ಅಲ್ಲಿ ಕೊಟ್ಟಿದ್ದು ಮೂರು ಸಾವಿರ ಯೆನ್.
ಇಲ್ಲಿ ರೇಟು ಹೇಳಲು ಬಾಯಿ ಬರಲಿಲ್ಲ.

ಗಣಪತಿ ಕೆರೆ ಏರಿಯ ಮೇಲೆ ಗಾಳಿ.
ಬರಿಯ ಮೀನಖಂಡಕ್ಕೆ ಗಾಳಿ ತಾಗಿ
ಎಷ್ಟು ವರ್ಷವಾಗಿತ್ತೋ!
ಗೇಣಿನ ಲೆಕ್ಕವಿಲ್ಲದ ಹೆಜ್ಜೆ.
ಗದ್ದೆಗಿಳಿಯಲೂ ಆದೀತು, ಬೇಲಿ ದಾಟಲೂ.
ಒಂದು ಕಡೆ ಬೇಕೆಂತಲೇ ನಿಂತೆ
ಹಿಂದೆ ಯಾರಾದರೂ ಬರುತ್ತಿದ್ದಾರೇನೋ ಎಂದು.
ಒಂದು ನಾಯಿ, ಅಷ್ಟೆ.

ಮಾರ್ಕೆಟ್ಟಿನಲ್ಲಿ ಹೊನ್ನಾವರದ ಮಂಕಾಳಿ
ಬುಟ್ಟಿಯ ಮುಂದೆ ಕೂತಿದ್ದಳು, ಬಂಗುಡೆ ನೂರಕ್ಕೆ ಆರು.
ಮೇಲಿಂದ ಕೆಳಗೆ ನೋಡಿದಳು ನನ್ನ.
ನಾಟಕವಾ, ಮೇಳವಾ, ಏನೂ ಕೇಳಲಿಲ್ಲ.
‘ಯಾರೇ ಕಟ್ಟಿದ್ದು ಇದ್ನ? ಈಗ ಬಿಚ್ಚಿ ಬೀಳ್ತದಲೆ’
ಎಂದು ಎದ್ದು ಬಂದು,
ಕೈ ತೊಳೆಯದೆ,
ಗಂಟು ಬಿಡಿಸಿ, ಹಲ್ಲಲ್ಲಿ ತುದಿ ಕಚ್ಚಿ ಎಳೆದು,
ಹೆಗಲಿನ ಮೇಲೆ ಎರಡು ಸಲ ಗುದ್ದಿ ಕೂರಿಸಿದಳು.

ಆಗ ಐದೂಕಾಲು.
‘ತಗಳ್ತಿಯಾ ಇಲ್ವಾ?’ ಅಂದಳು.
ಆರು ತಗೊಂಡೆ. ಮನೆಗೆ ಬಂದು
ಅದೇ ಸೀರೆಯಲ್ಲಿ ಕೂತು ಮೀನು ಹೆಚ್ಚಿದೆ.
ಗಂಟು ಬಿಚ್ಚಲು ರಾತ್ರಿಯವರೆಗೂ ಬರಲಿಲ್ಲ.